ಸೊಪ್ಪು ಯಾಕೆ ಬಾಡುತ್ತೆ, ಮಟನ್ ಯಾಕೆ ಬಾಡಲ್ಲ? ಜೀವಕೋಶದ ಒಳಗಿನ ಲೆಕ್ಕಾಚಾರ

ಶಿವಾಜಿನಗರದ ರಸೆಲ್ ಮಾರ್ಕೆಟ್ ನೋಡಿದವರಿಗೆ ಗೊತ್ತಿರುತ್ತೆ. 1927ರ ಹಳೇ ಕಟ್ಟಡ. ಒಂದು ಕಡೆ ತರಕಾರಿ, ಸೊಪ್ಪು, ಹೂವು, ಇನ್ನೊಂದು ಕಡೆ ಮಟನ್, ಮೀನು. ಬಿಸಿಲು ಏರಿದ ಹಾಗೆ ಸೊಪ್ಪಿನವರು ಪದೇ ಪದೇ ನೀರು ಚಿಮುಕಿಸುತ್ತಾ ಕೂತಿರುತ್ತಾರೆ. ಮಟನ್ ಅಂಗಡಿಯವರು ಆ ಕೆಲಸ ಮಾಡಲ್ಲ. ಮಾಂಸ ಒಣಗುತ್ತೆ, ಬಣ್ಣ ಕಪ್ಪಾಗುತ್ತೆ, ಕೆಡುತ್ತೆ, ಎಲ್ಲಾ ಸರಿ. ಆದರೆ ಕೊತ್ತಂಬರಿ ಕಟ್ಟಿನ ಹಾಗೆ ಕತ್ತು ಬಗ್ಗಿಸಿ ಬಾಡೋದು ಅಂತ ಇಲ್ಲ. ಎರಡರಲ್ಲೂ ಹೆಚ್ಚಿನ ಪಾಲು ನೀರೇ ಇದ್ದರೂ ಹೀಗೆ. ಸೊಪ್ಪಲ್ಲಿ ಸುಮಾರು ಶೇ. 90ರಷ್ಟು ನೀರು, ಮಾಂಸದಲ್ಲಿ ಶೇ. 70ಕ್ಕೂ ಮೇಲೆ.

ಇದು ಪರೀಕ್ಷೆಗೆ ಓದೋ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ. ಹೊಸಕೋಟೆ ಕಡೆಯಿಂದ ಸೊಪ್ಪು ಹೇರಿಕೊಂಡು ಕೆ.ಆರ್. ಪುರಂ ದಾಟಿ, ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಮುಕ್ಕಾಲು ಗಂಟೆ ನಿಂತು ಇಂದಿರಾನಗರ ಸೇರುವಷ್ಟರಲ್ಲಿ ನಿಮ್ಮ ಪಾಲಕ್ ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ರೇಟು ನಿಂತಿರುತ್ತೆ. ಸೊಪ್ಪಿನ ತೂಕದಲ್ಲಿ ಸುಮಾರು ಶೇ. 5ರಷ್ಟು ನೀರು ಹೋದರೂ ಸಾಕು, ಕಣ್ಣಿಗೆ ಬಾಡಿದ್ದು ಕಾಣುತ್ತೆ. ಶೇ. 95ರಷ್ಟು ಮಾಲು ಕೈಯಲ್ಲೇ ಇದೆ, ಆದರೆ ಕೊಳ್ಳೋರು ಅರ್ಧ ರೇಟು ಕೇಳ್ತಾರೆ.

ತೋಟಗಾರಿಕೆ ಡಿಗ್ರಿ ಓದುವಾಗ ಜೀವಕೋಶದ ಚಿತ್ರ ಬರೆದು, ಬಾಣದ ಗುರುತು ಹಾಕಿ, ಹೆಸರು ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ ಚಿತ್ರ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಸೊಪ್ಪು ಬೆಳೆದು ಮಾರೋಕೆ ಶುರು ಮಾಡಿದ ಮೇಲೆ. ಹೊಲದಲ್ಲಿ ನಾವು ಮಾಡೋ ಕೆಲಸಗಳು, ಅಂದರೆ ನೀರು ಕಟ್ಟೋದು, ಸೋಪಿನ ದ್ರಾವಣ ಹೊಡೆಯೋದು, ಗಂಜಲ ಹಾಕೋದು, ಬೀಜ ಎತ್ತಿಡೋದು, ಇವೆಲ್ಲ ಕೊನೆಗೆ ಹೋಗಿ ತಟ್ಟೋದು ಆ ಕೋಶದೊಳಗಿನ ಯಾವುದಾದರೂ ಒಂದು ಭಾಗಕ್ಕೆ. ಅದಕ್ಕೇ ಈ ವಾರ ಅದರ ಬಗ್ಗೆ.

ಟೈರು ಮತ್ತು ಟ್ಯೂಬು

ಸಸ್ಯದ ಒಂದು ಕೋಶವನ್ನು ಸೈಕಲ್ ಚಕ್ರದ ಹಾಗೆ ಊಹಿಸಿಕೊಳ್ಳಿ. ಹೊರಗಿನ ಗಟ್ಟಿ ಟೈರು ಅಂದರೆ ಕೋಶಭಿತ್ತಿ. ಸೆಲ್ಯುಲೋಸ್ ಅನ್ನೋ ನಾರಿನಿಂದ ಆಗಿರೋದು, ಹತ್ತಿಯಲ್ಲಿರೋದೂ ಅದೇ. ಅದರ ಒಳಗೆ ಅಂಟಿಕೊಂಡಿರೋ ತೆಳು ಟ್ಯೂಬು ಕೋಶಪೊರೆ. ಟ್ಯೂಬಿನೊಳಗೆ ಗಾಳಿ ಬದಲು ನೀರು. ಆ ನೀರಲ್ಲಿ ಬಹುಪಾಲು ಇರೋದು ರಸದಾನಿ ಅನ್ನೋ ಇನ್ನೊಂದು ಚೀಲದಲ್ಲಿ. ಬಲಿತ ಎಲೆಯ ಕೋಶದಲ್ಲಿ ಶೇ. 80ರಿಂದ 90ರಷ್ಟು ಜಾಗ ಈ ರಸದಾನಿಯದ್ದೇ. ಮಿಕ್ಕಿದ್ದೆಲ್ಲ, ಅಂದರೆ ಪುಸ್ತಕದ ಚಿತ್ರದಲ್ಲಿ ದೊಡ್ಡದಾಗಿ ಕಾಣೋ ಕೋಶಕೇಂದ್ರವೂ ಸೇರಿ, ಗೋಡೆ ಬದಿಗೆ ಒತ್ತಿಕೊಂಡು ಇರುತ್ತೆ.

ರಸದಾನಿಯಲ್ಲಿ ಬರೀ ನೀರಿಲ್ಲ. ಸಕ್ಕರೆ, ಪೊಟ್ಯಾಷ್, ಹುಳಿ, ಬಣ್ಣ, ಕಹಿ ಎಲ್ಲ ಕರಗಿ ಕೂತಿರುತ್ತೆ. ಹೊರಗಿನ ನೀರು ತೆಳು, ಒಳಗಿನದು ಗಟ್ಟಿ. ಹಾಗಾಗಿ ನೀರು ಪೊರೆ ದಾಟಿ ಒಳಗೆ ನುಗ್ಗುತ್ತೆ. ಇದೇ ಅಭಿಸರಣೆ. ಒಣದ್ರಾಕ್ಷಿ ನೀರಲ್ಲಿ ನೆನೆಹಾಕಿದರೆ ಊದೋದು ಇದಕ್ಕೇ. ನುಗ್ಗಿದ ನೀರು ಟ್ಯೂಬನ್ನು ಉಬ್ಬಿಸಿ ಟೈರಿಗೆ ಒತ್ತುತ್ತೆ. ಎಷ್ಟು ಒತ್ತಡ ಅಂದರೆ, ಕಾರಿನ ಟೈರಿಗೆ ನಾವು 30ರಿಂದ 35 ಪಿಎಸ್‌ಐ ಗಾಳಿ ಹೊಡಿಸ್ತೀವಿ. ಚೆನ್ನಾಗಿ ನೀರು ಕುಡಿದ ಎಲೆಯ ಕೋಶದಲ್ಲಿ ಅದರ ಎರಡು ಮೂರು ಪಟ್ಟು ಒತ್ತಡ ಸಾಮಾನ್ಯ. ಪಾಲಕ್ ಎಲೆಗೆ ಮೂಳೆ ಇಲ್ಲ, ಕಟ್ಟಿಗೆ ಇಲ್ಲ. ಅದು ಸೆಟೆದು ನಿಲ್ಲೋದು ಈ ನೀರಿನ ಒತ್ತಡದಿಂದ. ಒತ್ತಡ ಇಳಿದರೆ ಪಂಕ್ಚರ್ ಆದ ಚಕ್ರ, ಅಷ್ಟೆ.

ಪ್ರಾಣಿಗಳ ಕೋಶಕ್ಕೆ ಟೈರೇ ಇಲ್ಲ. ಬರೀ ಟ್ಯೂಬು. ದೊಡ್ಡ ರಸದಾನಿಯೂ ಇಲ್ಲ. ಕುರಿ ನಿಲ್ಲೋದು ಮೂಳೆ, ಸ್ನಾಯುಗಳ ಬಲದಿಂದ, ಕೋಶದ ನೀರಿನ ಒತ್ತಡದಿಂದಲ್ಲ. ಅದಕ್ಕೇ ಮಟನ್‌ಗೆ ಬಾಡೋದು ಗೊತ್ತಿಲ್ಲ. ಗೋಡೆ ಇಲ್ಲದ್ದಕ್ಕೆ ಇನ್ನೊಂದು ಪರಿಣಾಮ: ರಕ್ತದ ಕೋಶವನ್ನು ಶುದ್ಧ ನೀರಿಗೆ ಹಾಕಿದರೆ ನೀರು ನುಗ್ಗಿ ಪಟ್ ಅಂತ ಒಡೆಯುತ್ತೆ. ಸಸ್ಯಕೋಶ ಒಡೆಯಲ್ಲ, ಟೈರು ತಡೆಯುತ್ತೆ.

ಇಷ್ಟು ಗೊತ್ತಾದರೆ ಕೊಯ್ಲಿನ ಸಮಯ ತಾನಾಗಿ ಗೊತ್ತಾಗುತ್ತೆ. ರಾತ್ರಿ ಎಲೆಯ ಪತ್ರರಂಧ್ರಗಳು ಮುಚ್ಚಿರುತ್ತವೆ, ನೀರು ಆವಿಯಾಗೋದು ಕಡಿಮೆ, ಬೇರು ಮಾತ್ರ ಎಳೀತಾನೇ ಇರುತ್ತೆ. ನಸುಕಿನಲ್ಲಿ ಎಲ್ಲಾ ಟ್ಯೂಬುಗಳೂ ಫುಲ್. ಹಾಗಾಗಿ ಬಿಸಿಲು ಬೀಳೋ ಮುಂಚೆ ಕೊಯ್ಯಿರಿ. ಹತ್ತು ಗಂಟೆಗೆ ಕೊಯ್ದ ಸೊಪ್ಪು ಅರ್ಧ ಗಾಳಿ ಇಳಿದ ಚಕ್ರದಲ್ಲಿ ಪ್ರಯಾಣ ಶುರು ಮಾಡಿದ ಹಾಗೆ. ಬೆಳಗ್ಗೆ ಆಳು ಸಿಗಲ್ಲ ಅಂದರೆ ಸಂಜೆ ಬಿಸಿಲು ಪೂರ್ತಿ ಇಳಿದು, ಎಲೆ ಮತ್ತೆ ಸೆಟೆದ ಮೇಲೆ ಕೊಯ್ಯಿರಿ, ನಡುಮಧ್ಯಾಹ್ನ ಮಾತ್ರ ಬೇಡ.

ಬಾಡಿದ ಕಟ್ಟು ವಾಪಸ್ ಬರುತ್ತಾ? ಟ್ಯೂಬು ಹರಿದಿಲ್ಲ ಅಂದರೆ ಬರುತ್ತೆ. ಬುಡವನ್ನು ಅರ್ಧ ಇಂಚು ಹೊಸದಾಗಿ ಕತ್ತರಿಸಿ, ಶುದ್ಧ ತಣ್ಣೀರಲ್ಲಿ ಬುಡ ಮಾತ್ರ ಮುಳುಗೋ ಹಾಗೆ ನೆರಳಲ್ಲಿ ನಿಲ್ಲಿಸಿ. ಎಲೆ ಕಪ್ಪಗೆ, ಒದ್ದೆ ಒದ್ದೆಯಾಗಿ, ಗಾಜಿನ ಹಾಗೆ ಕಾಣ್ತಿದ್ದರೆ ಪೊರೆ ಹರಿದಿದೆ ಅಂತ ಅರ್ಥ, ಅದಕ್ಕೆ ಏನು ಮಾಡಿದರೂ ಉಪಯೋಗ ಇಲ್ಲ, ಕಾಂಪೋಸ್ಟ್‌ಗೆ ಹಾಕಿ. ಚಿಮುಕಿಸೋ ನೀರು ಎಲೆಯನ್ನು ತಂಪಾಗಿಟ್ಟು ಆವಿಯಾಗೋದನ್ನು ನಿಧಾನ ಮಾಡುತ್ತೆ. ಆ ನೀರು ಕುಡಿಯೋ ನೀರೇ ಆಗಿರಲಿ. ಮೋರಿ ನೀರಲ್ಲಿ ತೊಳೆದ ಸೊಪ್ಪೂ ಸೆಟೆದು ನಿಲ್ಲುತ್ತೆ ನಿಜ, ಆದರೆ ಅದನ್ನು ತಿನ್ನೋರು ಮಕ್ಕಳು.

ಟೈರಿನ ಬಗ್ಗೆ ಇನ್ನೊಂದು ಮಾತು. ಕೋಶಭಿತ್ತಿಯ ನಾರುಗಳನ್ನು ಹಿಡಿದು ನಿಲ್ಲಿಸೋ ಅಂಟು ಪೆಕ್ಟಿನ್, ಆ ಪೆಕ್ಟಿನ್‌ಗೆ ಬೆಸುಗೆ ಹಾಕೋದು ಕ್ಯಾಲ್ಸಿಯಂ. ಕೋಲಾರ, ಹೊಸಕೋಟೆ ಕಡೆ ಟೊಮೇಟೊ ಬೆಳೆಯೋರಿಗೆ ಕಾಯಿಯ ತುದಿ ಕಪ್ಪಾಗಿ ಕೂರೋ ತೊಂದರೆ ಚೆನ್ನಾಗಿ ಗೊತ್ತು. ಅದು ರೋಗ ಅಲ್ಲ. ಬೆಳೀತಾ ಇರೋ ಕಾಯಿಯ ತುದಿಗೆ ಕ್ಯಾಲ್ಸಿಯಂ ಸಾಲದೆ ಕೋಶಗಳು ಕುಸಿದಿದ್ದು. ಹಾಗಂತ ಮಣ್ಣಲ್ಲಿ ಸುಣ್ಣ ಇಲ್ಲ ಅಂತಲ್ಲ. ಕ್ಯಾಲ್ಸಿಯಂ ಹೋಗೋದು ನೀರಿನ ಜೊತೆ, ಹೆಚ್ಚು ಆವಿ ಬಿಡೋ ಎಲೆಗೆ ಮೊದಲು, ಕಾಯಿಗೆ ಕೊನೆಗೆ. ನಾಲ್ಕು ದಿನ ಒಣಗಿಸಿ ಐದನೇ ದಿನ ತುಂಬಾ ನೀರು ಕೊಟ್ಟರೆ ಸರಬರಾಜು ತಪ್ಪುತ್ತೆ. ಹಾಗಾಗಿ ಅಂಗಡಿಯ ಕ್ಯಾಲ್ಸಿಯಂ ಬಾಟಲಿಗೆ ಮುಂಚೆ ಡ್ರಿಪ್ ಟೈಮ್ ಸರಿ ಮಾಡಿ, ಬುಡಕ್ಕೆ ಮುಚ್ಚಿಗೆ ಹಾಕಿ. ಸಾರಜನಕ ಜಾಸ್ತಿ ಕೊಟ್ಟರೂ ಟೈರು ತೆಳುವಾಗುತ್ತೆ. ಯೂರಿಯಾ ಆಗಲಿ, ಹಸಿ ಕೋಳಿಗೊಬ್ಬರ ಆಗಲಿ, ಎಲೆ ದೊಡ್ಡದು, ಮೆತ್ತಗೆ, ಹೇನಿಗೆ ಹಬ್ಬ.

ಗುಲಾಬಿ ಈರುಳ್ಳಿ ಮತ್ತು ಒಂದು ಹನಿ ಉಪ್ಪುನೀರು

ಇದನ್ನು ಕಣ್ಣಾರೆ ನೋಡಬಹುದು. ಮನು ಪ್ರಕಾಶ್ ಅನ್ನೋ ನಮ್ಮ ದೇಶ ಮೂಲದ ವಿಜ್ಞಾನಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಫೋಲ್ಡ್‌ಸ್ಕೋಪ್ ಅನ್ನೋ ಕಾಗದದ ಸೂಕ್ಷ್ಮದರ್ಶಕ ಇದೆ. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಫೋನ್ ಕ್ಯಾಮೆರಾಗೆ ಅಂಟಿಸಿ ಫೋಟೊ, ವಿಡಿಯೊ ತೆಗೀಬಹುದು. ನಿಮ್ಮೂರಿನ ಹೈಸ್ಕೂಲಿನ ಲ್ಯಾಬಿನ ಸೂಕ್ಷ್ಮದರ್ಶಕವಾದರೂ ಸರಿ.

ಬೆಂಗಳೂರು ಗುಲಾಬಿ ಈರುಳ್ಳಿ ತಗೊಳ್ಳಿ, 2015ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು, ನಮ್ಮ ಈ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಬೆಳೆ. ಒಣ ಸಿಪ್ಪೆ ತೆಗೆದು, ರಸ ಇರೋ ಪದರದ ಹೊರಮೈಯಿಂದ ಬಣ್ಣದ ತೆಳು ಪೊರೆಯನ್ನು ಉಗುರಲ್ಲಿ ಎಬ್ಬಿಸಿ. ಗಾಜಿನ ಮೇಲಿಟ್ಟು ಒಂದು ಹನಿ ನೀರು ಹಾಕಿ ನೋಡಿ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು, ಒಳಗೆ ಪೂರ್ತಿ ಗುಲಾಬಿ. ಆ ಬಣ್ಣ ಇರೋದು ರಸದಾನಿಯಲ್ಲಿ. ಈಗ ಪಕ್ಕದಿಂದ ಒಂದು ಹನಿ ಗಟ್ಟಿ ಉಪ್ಪುನೀರು ಬಿಡಿ. ಒಂದೆರಡು ನಿಮಿಷದಲ್ಲಿ ಇಟ್ಟಿಗೆಯ ಗೋಡೆ ಹಾಗೇ ನಿಂತಿರುತ್ತೆ, ಒಳಗಿನ ಗುಲಾಬಿ ಚೀಲ ಮಾತ್ರ ಮುದುಡಿ ಮೂಲೆ ಸೇರುತ್ತೆ. ಹೊರಗೆ ಉಪ್ಪು ಗಟ್ಟಿಯಾಯ್ತು, ನೀರು ಉಲ್ಟಾ ಹರಿಯಿತು. ತಕ್ಷಣ ಒಳ್ಳೇ ನೀರು ಹಾಕಿದರೆ ಚೀಲ ಮತ್ತೆ ತುಂಬೋದೂ ಕಾಣುತ್ತೆ. ಒಂದು ಸಲ ನೋಡಿದರೆ ಮರೆಯಲ್ಲ.

ಹೊಲದಲ್ಲಿ ಆ ಉಪ್ಪುನೀರು ಬೇರೆ ಬೇರೆ ವೇಷದಲ್ಲಿ ಬರುತ್ತೆ. ನೀರು ಬೆರೆಸದ ಗಂಜಲ ಎಲೆಗೆ ಹೊಡೆದರೆ ಸುಟ್ಟ ಹಾಗೆ ಆಗೋದು ಇದಕ್ಕೇ. ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು, ಎಳೆ ಸಸಿಗಾದರೆ ಇನ್ನೂ ತೆಳು. ನೈಸರ್ಗಿಕ ಅನ್ನೋ ಲೇಬಲ್ ನೋಡಿ ಕೋಶಪೊರೆ ರಿಯಾಯಿತಿ ಕೊಡಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿ, ರಿಪೋರ್ಟಲ್ಲಿ ಇಸಿ ಅಂತ ಒಂದು ಅಂಕಿ ಇರುತ್ತೆ. ಅದು ಡೆಸಿಸೀಮನ್ಸ್ ಲೆಕ್ಕದಲ್ಲಿ 0.7ರ ಒಳಗಿದ್ದರೆ ಯೋಚನೆ ಬೇಡ, 3 ದಾಟಿದರೆ ಸೊಪ್ಪು ಬೆಳೆಯೋ ಆಸೆ ಬಿಡಬೇಕಾಗಬಹುದು. ಮಣ್ಣು ಒದ್ದೆ ಇದ್ದರೂ ಗಿಡ ಬಾಯಾರಿ ನಿಂತಿರುತ್ತೆ.

ರಸದಾನಿಗೂ ತನ್ನದೇ ಪೊರೆ ಇದೆ ಅನ್ನೋದಕ್ಕೆ ಅಡಿಗೆಮನೆ ಸಾಕ್ಷಿ ಬೇಕಾದರೆ ಕೆಂಪು ದಂಟು ಸಾಕು. ತಣ್ಣೀರಲ್ಲಿ ಎಷ್ಟು ಹೊತ್ತು ನೆನೆಸಿದರೂ ನೀರು ಹೆಚ್ಚು ಕೆಂಪಾಗಲ್ಲ. ಕುದಿಸಿದ ತಕ್ಷಣ ಸಾರೆಲ್ಲ ಕೆಂಪು. ಬಿಸಿಗೆ ಪೊರೆಗಳು ಹರಿದು ಬಣ್ಣ ಹೊರಗೆ ಬಂತು.

ಒಂದೇ ಸೋಪು, ಮೂರು ಕಡೆ

ಕೋಶಪೊರೆ ಆಗಿರೋದು ಕೊಬ್ಬಿನ ಎರಡು ಪದರದಿಂದ, ನಡುನಡುವೆ ಪ್ರೋಟೀನಿನ ಬಾಗಿಲುಗಳು. ಕೊಬ್ಬನ್ನು ಕರಗಿಸೋದು ಯಾವುದು? ಸೋಪು. ತಟ್ಟೆಯ ಜಿಡ್ಡು ಹೋಗೋದು ಹೇಗೋ ಪೊರೆ ಹರಿಯೋದೂ ಹಾಗೇ.

ಮೊದಲನೇ ಕಡೆ, ಹೇನು, ಬಿಳಿತಿಗಣೆ, ಥ್ರಿಪ್ಸ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಬೇವಿನ ಸೋಪು, ಹೊಂಗೆ ಸೋಪು ನಿಮ್ಮಲ್ಲಿ ಎಷ್ಟೋ ಜನ ಬಳಸಿರ್ತೀರಿ. ಮೆತ್ತನೆ ಮೈಯ ಕೀಟದ ಮೇಲೆ ನೇರವಾಗಿ ಬಿದ್ದರೆ ಸೋಪು ಅದರ ಮೇಣದ ಹೊದಿಕೆ, ಪೊರೆ ಎರಡನ್ನೂ ಕೆಡಿಸುತ್ತೆ. ಗಿಡದ ಎಲೆಗೆ ಮೇಣ, ಗೋಡೆ ಎರಡೂ ಇರೋದರಿಂದ ಹೇಳಿದ ಪ್ರಮಾಣದಲ್ಲಿ ತಡೆದುಕೊಳ್ಳುತ್ತೆ. ಪ್ರಮಾಣ ಜಾಸ್ತಿ ಮಾಡಿದರೆ, ಉರಿಬಿಸಿಲಲ್ಲಿ ಹೊಡೆದರೆ ಎಲೆಯೂ ಸುಡುತ್ತೆ. ಎಲೆಯ ಅಡಿಭಾಗಕ್ಕೆ ತಾಗದಿದ್ದರೆ ದಂಡ, ಒಣಗಿದ ಸೋಪು ಏನೂ ಮಾಡಲ್ಲ. ಗಡಸು ಬೋರ್ ನೀರಲ್ಲಿ ಸೋಪು ಒಡೆದು ಬಿಳಿ ಚೂರಾಗಿ ತೇಲುತ್ತೆ, ಆಗ ಅದು ಸೋಪೇ ಅಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದರಲ್ಲಿ ಕಲಸಿ.

ಎರಡನೇ ಕಡೆ, ನಮ್ಮ ಪೂರ್ವ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆ. 2015ರಲ್ಲಿ ನೊರೆ ರಸ್ತೆಗೆ ಹಾರಿ ಬಂದಿದ್ದು ದೇಶವೇ ನೋಡಿತು. ಆ ನೊರೆಗೆ ದೊಡ್ಡ ಕಾರಣ ಮನೆಗಳ ಬಟ್ಟೆ, ಪಾತ್ರೆ ತೊಳೆದ ಡಿಟರ್ಜೆಂಟು. ಕೀಟದ ಪೊರೆ ಹರಿಯೋ ಗುಣ ಅದಕ್ಕೂ ಇದೆ, ಮೀನಿನ ಕಿವಿರಿನ ಕೋಶಕ್ಕೆ ಗೋಡೆಯ ರಕ್ಷಣೆ ಇಲ್ಲ. ಎಲೆ ಮೇಲಿನ ಮೇಣವೂ ಇಂಥ ನೀರಿಗೆ ಹಾಳಾಗುತ್ತೆ.

ಮೂರನೇದು ನಿಮ್ಮ ಕೊಟ್ಟಿಗೆ, ಮತ್ತು ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಹಸುವಿಗೆ ಕೆಚ್ಚಲುಬಾವು ಕಣ್ಣಿಗೆ ಕಾಣೋ ಮುಂಚೆಯೇ ಹಾಲಿನಲ್ಲಿ ಬಿಳಿ ರಕ್ತಕೋಶಗಳು ಸೇರಿಕೊಂಡಿರುತ್ತವೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ಪ್ರತಿ ಮೊಲೆಯ ಹಾಲನ್ನೂ ಬೇರೆ ಬೇರೆ ಬಟ್ಟಲಿಗೆ ಹಿಂಡಿ, ಮೊದಲ ಎರಡು ಮೂರು ಹಿಂಡು ಬಿಟ್ಟು. ಹಾಲಿನಷ್ಟೇ ಸೋಪುನೀರು ಸೇರಿಸಿ ಒಂದು ನಿಮಿಷ ಮೆಲ್ಲಗೆ ಸುತ್ತಿಸಿ. ನೀರಾಗೇ ಇದ್ದರೆ ಸರಿ. ಲೋಳೆಯಾಗಿ ಎಳೆ ಎಳೆಯಾದರೆ ಆ ಮೊಲೆಯಲ್ಲಿ ತೊಂದರೆ ಇದೆ. ಏನಾಯ್ತು ಅಂದರೆ, ಸೋಪು ಬಿಳಿ ರಕ್ತಕೋಶದ ಪೊರೆ ಹರಿಯಿತು, ಒಳಗಿನ ಕೋಶಕೇಂದ್ರದ ಪೊರೆಯನ್ನೂ ಹರಿಯಿತು, ಅದರಲ್ಲಿ ಸುತ್ತಿಟ್ಟಿದ್ದ ಉದ್ದುದ್ದ ಡಿಎನ್ಎ ಬಿಚ್ಚಿಕೊಂಡು ಹಾಲನ್ನು ಲೋಳೆ ಮಾಡಿತು. ಬಟ್ಟಲಲ್ಲಿ ಕಾಣೋ ಆ ಲೋಳೆಯಲ್ಲಿ ಜೀವದ ಬರಹವೇ ಇದೆ. ಕರು ಹಾಕಿದ ಮೊದಲ ದಿನಗಳಲ್ಲಿ, ಹಾಲು ಬತ್ತೋ ಹೊತ್ತಲ್ಲಿ ಆರೋಗ್ಯವಾಗಿರೋ ಹಸುವಿನದೂ ಸ್ವಲ್ಪ ಲೋಳೆಯಾಗಬಹುದು, ಗಾಬರಿ ಬೇಡ. ಪರೀಕ್ಷೆ ಮಾಡಿದ ಹಾಲು ಚೆಲ್ಲಿ, ಲೋಳೆ ಬಂದರೆ ಪಶುವೈದ್ಯರಿಗೆ ತೋರಿಸಿ.

ಹಲಸೂರು ಕೆರೆಯ ಮೀನು, ನಿಮ್ಮ ಮೆಣಸಿನ ಬೇರು

ಕೋಶದಲ್ಲಿ ಎರಡು ಕಾರ್ಖಾನೆಗಳಿವೆ. ಕ್ಲೋರೋಪ್ಲಾಸ್ಟ್ ಸಸ್ಯದಲ್ಲಿ ಮಾತ್ರ, ಬಿಸಿಲಿನಿಂದ ಸಕ್ಕರೆ ಮಾಡುತ್ತೆ. ಅದರೊಳಗಿನ ಪತ್ರಹರಿತ್ತಿನ ನಟ್ಟನಡುವೆ ಒಂದು ಮೆಗ್ನೀಷಿಯಂ ಅಣು ಕೂತಿದೆ. ಮೆಗ್ನೀಷಿಯಂ ಸಾಲದಾದಾಗ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತೆ, ಹಾಗಾಗಿ ಕೆಳಗಿನ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಕಬ್ಬಿಣದ ಕೊರತೆಯಾದರೆ ಇದೇ ಚಿತ್ರ ಮೇಲಿನ ಚಿಗುರಲ್ಲಿ, ಯಾಕಂದರೆ ಕಬ್ಬಿಣವನ್ನು ಗಿಡ ಹಾಗೆ ಸಾಗಿಸಲಾರದು. ಹಳದಿ ಎಲ್ಲಿಂದ ಶುರುವಾಯ್ತು ಅಂತ ನೋಡದೆ ಬಾಟಲಿ ತರಬೇಡಿ. ಟೊಮೇಟೊ ಹಣ್ಣಾಗುವಾಗ ಇದೇ ಕ್ಲೋರೋಪ್ಲಾಸ್ಟ್ ಹಸಿರು ಬಿಟ್ಟು ಕೆಂಪು ಬಣ್ಣದ ಡಬ್ಬಿಯಾಗುತ್ತೆ. ಆಲೂಗಡ್ಡೆಯ ಪಿಷ್ಟದ ಡಬ್ಬಿ ಬೆಳಕು ಬಿದ್ದರೆ ಉಲ್ಟಾ ಹಸಿರಾಗುತ್ತೆ, ಜೊತೆಗೇ ಸೋಲನಿನ್ ಅನ್ನೋ ವಿಷವೂ ಹೆಚ್ಚುತ್ತೆ. ರಾಶಿಯನ್ನು ಗೋಣಿಯಿಂದ ಮುಚ್ಚಿಡಿ ಅನ್ನೋದು ಇದಕ್ಕೆ.

ಎರಡನೇ ಕಾರ್ಖಾನೆ ಮೈಟೋಕಾಂಡ್ರಿಯ. ಇದು ಸಸ್ಯ, ಪ್ರಾಣಿ ಎರಡರಲ್ಲೂ ಇದೆ. ಆಮ್ಲಜನಕ ಬಳಸಿ ಸಕ್ಕರೆಯಿಂದ ಶಕ್ತಿ ತೆಗೆಯುತ್ತೆ. ಗಿಡ ಉಸಿರಾಡಲ್ಲ, ಬರೀ ಗಾಳಿ ಶುದ್ಧ ಮಾಡುತ್ತೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ತಪ್ಪು. ಬೇರಿಗಂತೂ ಕ್ಲೋರೋಪ್ಲಾಸ್ಟೇ ಇಲ್ಲ, ಅದು ಹಗಲೂ ರಾತ್ರಿ ನಮ್ಮ ಹಾಗೆ ಉಸಿರಾಡಿಯೇ ಬದುಕಬೇಕು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಚರಂಡಿಯ ಕೊಳೆ ಕೆರೆಗೆ ಸೇರಿದಾಗ ಅದನ್ನು ತಿನ್ನೋ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ಖಾಲಿ ಮಾಡ್ತವೆ, ಬೇಸಿಗೆಯ ಬಿಸಿ ನೀರಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಮೀನಿನ ಮೈಟೋಕಾಂಡ್ರಿಯಗಳು ನಿಂತವು. ಈಗ ನಿಮ್ಮ ಮೆಣಸಿನ ಮಡಿ ನೋಡಿ. ಎರಡು ದಿನ ನೀರು ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿ ಇಲ್ಲ, ಬೇರಿನ ಮೈಟೋಕಾಂಡ್ರಿಯಗಳಿಗೂ ಅದೇ ಗತಿ. ಶಕ್ತಿ ಇಲ್ಲದ ಬೇರು ತನ್ನ ಪೊರೆಯಲ್ಲಿರೋ ನೀರಿನ ಬಾಗಿಲುಗಳನ್ನು ಮುಚ್ಚಿಬಿಡುತ್ತೆ. ಬುಡದಲ್ಲಿ ನೀರು ನಿಂತಿದೆ, ಎಲೆ ಬಾಡಿದೆ. ಬಾಡಿದೆ ಅಂತ ಇನ್ನಷ್ಟು ನೀರು ಬಿಟ್ಟರೆ ಗಿಡ ಸತ್ತಂತೆ. ಬಾಡಿದ ಗಿಡ ಕಂಡಾಗ ಮೊದಲು ಬುಡದ ಮಣ್ಣಿಗೆ ಬೆರಳು ಹಾಕಿ, ಆಮೇಲೆ ಮೋಟರ್ ಸ್ವಿಚ್‌ಗೆ ಕೈ ಹಾಕಿ. ಏರುಮಡಿ, ಬಸಿಗಾಲುವೆ, ಹಸಿ ಸಗಣಿ ಬುಡಕ್ಕೆ ಸುರಿಯದಿರೋದು, ಇವೆಲ್ಲ ಬೇರಿನ ಉಸಿರಿಗಾಗಿ ಮಾಡೋ ಕೆಲಸ.

ಕೊಯ್ದ ಸೊಪ್ಪಿನಲ್ಲೂ ಮೈಟೋಕಾಂಡ್ರಿಯ ಕೆಲಸ ನಿಲ್ಲಿಸಿರಲ್ಲ. ಕೂಡಿಟ್ಟ ಸಕ್ಕರೆ ಉರಿಸಿ ಬಿಸಿ ಹೊರಗೆ ಬಿಡ್ತಾ ಇರುತ್ತೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಉರಿ ಹೆಚ್ಚುಕಡಿಮೆ ಎರಡು ಪಟ್ಟು. ಗೋಣಿಯಲ್ಲಿ ಅದುಮಿ ತುಂಬಿದ ಕೊತ್ತಂಬರಿಯ ನಡುವೆ ಕೈ ಹಾಕಿದರೆ ಬೆಚ್ಚಗಿರುತ್ತೆ, ನಾಲ್ಕು ಗಂಟೆಯಲ್ಲಿ ಹಳದಿ. ರಂಧ್ರ ಇರೋ ಕ್ರೇಟಲ್ಲಿ ಸಡಿಲವಾಗಿ, ಒದ್ದೆ ಗೋಣಿ ಮುಚ್ಚಿ ಸಾಗಿಸಿ. ಪ್ಲಾಸ್ಟಿಕ್ ಕವರಲ್ಲಿ ಗಾಳಿಯೇ ಹೋಗದ ಹಾಗೆ ಕಟ್ಟೋದೂ ತಪ್ಪು, ಹಲಸೂರು ಕೆರೆಯ ಕಥೆ ಕವರಿನೊಳಗೆ ನಡೆಯುತ್ತೆ.

ಮಿಕ್ಕ ಭಾಗಗಳು ಬೇಗ ಹೇಳಿ ಮುಗಿಸ್ತೀನಿ. ರೈಬೋಸೋಮ್ ಪ್ರೋಟೀನ್ ಹೆಣೆಯುತ್ತೆ, ಒಳಬಲೆ ಅದನ್ನು ಮಡಚುತ್ತೆ, ಗಾಲ್ಗಿ ಪ್ಯಾಕ್ ಮಾಡಿ ವಿಳಾಸ ಹಚ್ಚುತ್ತೆ. ಕೆಚ್ಚಲಿನ ಕೋಶದಲ್ಲಿ ಗಾಲ್ಗಿಯಿಂದ ಹೊರಡೋ ಪಾರ್ಸೆಲ್ಲೇ ಹಾಲಿನ ಕೇಸಿನ್. ಲೈಸೋಸೋಮ್ ಪ್ರಾಣಿಕೋಶದ ಕಸ ಅರೆಯೋ ಚೀಲ, ಸಸ್ಯದಲ್ಲಿ ಆ ಕೆಲಸವನ್ನೂ ಹೆಚ್ಚಾಗಿ ರಸದಾನಿಯೇ ಮಾಡುತ್ತೆ.

ಆದರೆ ಔಷಧಿ ಅಂಗಡಿಗೆ ಹೋಗೋ ಮುಂಚೆ ಒಂದು ವಿಷಯ ಗೊತ್ತಿರಲಿ. ಶಿಲೀಂಧ್ರದ ಗೋಡೆ ಸೆಲ್ಯುಲೋಸ್‌ನದ್ದಲ್ಲ, ಬಹುಪಾಲು ಶಿಲೀಂಧ್ರಗಳಲ್ಲಿ ಕೈಟಿನ್ ಇರುತ್ತೆ, ಸೀಗಡಿ ಚಿಪ್ಪಲ್ಲಿ ಇರೋದು. ಟ್ರೈಕೋಡರ್ಮ ರೋಗದ ಶಿಲೀಂಧ್ರವನ್ನು ತಿನ್ನೋದು ಈ ಗೋಡೆ ಕರಗಿಸೋ ಕಿಣ್ವಗಳಿಂದ, ನಿಮ್ಮ ಗಿಡದ ಬೇರಿಗೆ ಅದು ತೊಂದರೆ ಕೊಡಲ್ಲ. ಬ್ಯಾಕ್ಟೀರಿಯಾಗೆ ಕೋಶಕೇಂದ್ರವೂ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ, ಹಾಗಾಗಿ ಶಿಲೀಂಧ್ರದ ಔಷಧಿಗಳಲ್ಲಿ ಹೆಚ್ಚಿನವು ಅದಕ್ಕೆ ತಟ್ಟಲ್ಲ. ಟೊಮೇಟೊ ಹಸಿರಾಗಿದ್ದಂತೆಯೇ ಸೊರಗಿದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಡಿ, ಹಾಲಿನ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಇನ್ನು ಎಲೆಮುದುಡು ವೈರಸ್‌ಗೆ ಕೋಶವೇ ಇಲ್ಲ, ಕೊಲ್ಲೋದಕ್ಕೆ ಅಲ್ಲಿ ಏನೂ ಇಲ್ಲ. ಅದನ್ನು ಹೊತ್ತು ತರೋ ಬಿಳಿನೊಣವನ್ನು ತಡೆಯಬೇಕು, ರೋಗದ ಗಿಡ ಕೀಳಬೇಕು. ವೈರಸ್ ಕೊಲ್ಲೋ ಔಷಧಿ ಅಂತ ಯಾರಾದರೂ ಕೊಟ್ಟರೆ ದುಡ್ಡು ಉಳಿಸಿಕೊಳ್ಳಿ.

ತಾಯಿಯಿಂದ ಮಾತ್ರ ಬರೋ ಆಸ್ತಿ

ಕೋಶಕೇಂದ್ರದ ಡಿಎನ್ಎ ಅರ್ಧ ತಂದೆಯದು, ಅರ್ಧ ತಾಯಿಯದು. ಮೈಟೋಕಾಂಡ್ರಿಯಗೂ ತನ್ನದೇ ಪುಟ್ಟ ಡಿಎನ್ಎ ಇದೆ, ಅದು ನಮ್ಮ ಹೆಚ್ಚಿನ ಬೆಳೆಗಳಲ್ಲಿ ತಾಯಿ ಗಿಡದಿಂದ ಮಾತ್ರ ಬರುತ್ತೆ. ಪರಾಗದಿಂದ ಬರಲ್ಲ. ನಮ್ಮಲ್ಲೂ ಹಾಗೇ, ಹಸುವಿನಲ್ಲೂ ಹಾಗೇ.

ಈ ಪುಟ್ಟ ಡಿಎನ್ಎಯಲ್ಲಿ ಕೆಲವು ಸಲ ಒಂದು ವಿಚಿತ್ರ ಇರುತ್ತೆ, ಹೂವಲ್ಲಿ ಪರಾಗವೇ ಆಗದ ಹಾಗೆ ಮಾಡುತ್ತೆ. ಗಂಡು ಬಂಜೆತನ ಅಂತೀವಿ. ಹೈಬ್ರಿಡ್ ಬೀಜ ಮಾಡೋರಿಗೆ ಇದು ವರ, ಒಂದೊಂದೇ ಹೂವಿನ ಕೇಸರ ಕೈಯಲ್ಲಿ ಕೀಳಬೇಕಾಗಿಲ್ಲ. ಫ್ರಾನ್ಸಿನ ಲೆಕ್ಲೆರ್ಕ್ 1969ರಲ್ಲಿ ಸೂರ್ಯಕಾಂತಿಯಲ್ಲಿ ಇದನ್ನು ವರದಿ ಮಾಡಿದರು, ಅದೇ ಗುಣ ಬಳಸಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್ಎಚ್-1 ಬಿಡುಗಡೆ ಮಾಡಿತು. ಹೆಸರಘಟ್ಟದ ಮೆಣಸಿನ ಹೈಬ್ರಿಡ್ ಅರ್ಕಾ ಮೇಘನಾ, ಈರುಳ್ಳಿ ಹೈಬ್ರಿಡ್ ಅರ್ಕಾ ಕೀರ್ತಿಮಾನ್, ಅರ್ಕಾ ಲಾಲಿಮಾ ಇವೂ ಇದೇ ದಾರಿಯವು.

ಇದರಲ್ಲಿ ಅಪಾಯವೂ ಇದೆ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದಲ್ಲಿ ಬಹುಪಾಲು ಒಂದೇ ಬಗೆಯ ಮೈಟೋಕಾಂಡ್ರಿಯ ಇತ್ತು, ಟೆಕ್ಸಾಸ್ ಬಗೆ ಅಂತ. ಎಲೆ ಅಂಗಮಾರಿಯ ಒಂದು ಶಿಲೀಂಧ್ರದ ವಿಷ ನೇರವಾಗಿ ಆ ಮೈಟೋಕಾಂಡ್ರಿಯದ ಪೊರೆಯನ್ನೇ ತೂತು ಮಾಡಿತು. ಆ ವರ್ಷ ದೇಶದ ಬೆಳೆಯಲ್ಲಿ ಸುಮಾರು ಶೇ. 15 ಹೋಯಿತು. ಊರಿಗೆಲ್ಲ ಒಂದೇ ಬೀಗ ಹಾಕಿದಾಗ ಕಳ್ಳನಿಗೆ ಒಂದೇ ಕೀಲಿ ಸಾಕು.

ನಮಗೆ ನೇರವಾಗಿ ಬೇಕಾದ್ದು ಇದು. ಇಂಥ ಮೆಣಸಿನ ಹೈಬ್ರಿಡ್ ನಿಮ್ಮ ಹೊಲದಲ್ಲಿ ಕಾಯಿ ಬಿಡೋದು ತಂದೆ ಕಡೆಯಿಂದ ಬಂದ, ಪರಾಗ ವಾಪಸ್ ತರೋ ಒಂದು ಜೀನ್ ಕೋಶಕೇಂದ್ರದಲ್ಲಿ ಇರೋದರಿಂದ. ಆ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಎಲ್ಲ ಗಿಡಕ್ಕೂ ತಾಯಿಯ ಬಂಜೆ ಮೈಟೋಕಾಂಡ್ರಿಯ ಬಂದೇ ಬರುತ್ತೆ, ಆದರೆ ಆ ಜೀನ್ ಹಂಚಿಹೋಗುತ್ತೆ. ಒಂದೇ ಜೀನ್ ಆಗಿದ್ದರೆ ನಾಲ್ಕರಲ್ಲಿ ಸುಮಾರು ಒಂದು ಗಿಡಕ್ಕೆ ಅದು ಸಿಗಲ್ಲ. ಆ ಗಿಡ ಸೊಂಪಾಗಿ ಬೆಳೆಯುತ್ತೆ, ಹೂ ಬಿಡುತ್ತೆ, ಪರಾಗ ಇಲ್ಲ, ಅಕ್ಕಪಕ್ಕದ ಗಿಡದಿಂದ ಜೇನು ತಂದರೆ ಕಾಯಿ, ಇಲ್ಲಾಂದ್ರೆ ಉದುರುತ್ತೆ. ಗೊಬ್ಬರ, ನೀರು ಏನು ಕೊಟ್ಟರೂ ಅದು ಸರಿ ಹೋಗಲ್ಲ. ಮಿಕ್ಕ ಮೂರರಲ್ಲೂ ಗಾತ್ರ, ಖಾರ, ಇಳುವರಿ ಒಂದೊಂದು ಥರ.

ಹಾಗಾಗಿ ಬೀಜ ಎತ್ತಿಡೋ ಮನಸ್ಸಿದ್ದರೆ ಪ್ಯಾಕೆಟ್ ಮೇಲೆ ಎಫ್-1 ಅಂತ ಇದೆಯಾ ನೋಡಿ. ಇದ್ದರೆ ಹಣ್ಣು ಮಾರಿ, ಬೀಜ ಬೇಡ. ಬೀಜಕ್ಕೆ ಅಂತಲೇ ಬೇರೆ ತಳಿ ಇಡಿ: ಮೆಣಸಿನಲ್ಲಿ ಬ್ಯಾಡಗಿ ಅಥವಾ ಅರ್ಕಾ ಲೋಹಿತ್, ಈರುಳ್ಳಿಯಲ್ಲಿ ಅರ್ಕಾ ಕಲ್ಯಾಣ್ ಅಥವಾ ಅರ್ಕಾ ನಿಕೇತನ್, ದಂಟಿನಲ್ಲಿ ಅರ್ಕಾ ಸುಗುಣ, ಕೆಂಪು ಬೇಕಾದರೆ ಅರ್ಕಾ ಅರುಣಿಮಾ. ಮೆಣಸಿನ ಹೂವಿಗೆ ಜೇನು ಬರುತ್ತೆ, ಬೀಜದ ಗಿಡಗಳಿಗೆ ಹೂ ಬಿಡೋ ಮುಂಚೆಯೇ ತೆಳು ಪರದೆ ಕಟ್ಟಿ. ದಂಟಿನ ಪರಾಗ ಗಾಳಿಯಲ್ಲಿ ಹಾರುತ್ತೆ, ಬದುವಿನ ಕಾಡುಕೀರೆಯನ್ನು ಹೂ ಬರೋ ಮುಂಚೆ ಕಿತ್ತುಹಾಕಿ, ಕೆಂಪು ಮಡಿ ಮತ್ತು ಹಸಿರು ಮಡಿ ಎರಡನ್ನೂ ಒಟ್ಟಿಗೆ ಬೀಜಕ್ಕೆ ಬಿಡಬೇಡಿ. ಒಂದು ಹಂಗಾಮಿಗೆ ಒಂದು ಸಾಕು.